ಮರುಭೂಮಿಯ ಓಟವೂ ದಾನವೀರವೂ

ಕಳೆದ ವೈಶಾಖಮಾಸದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಎರಡು ಪುಟಗಳ ಬರಹವೊಂದನ್ನು ಕಳುಹಿಸಿ, ಅದನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡನು. ಆತನು ತಾಂಬಾದಲ್ಲಿ ನಮ್ಮ ಕೈಯಲ್ಲಿ ಅಕ್ಷರ ಕಲಿತವನು. ಈಗ ದೂರದ ಪಟ್ಟಣದಲ್ಲಿ ಉದ್ಯೋಗದಲ್ಲಿರುವನು. ಮೊರೊಕ್ಕೋ ದೇಶದ ಸಹಾರಾ ಮರುಭೂಮಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೀರ್ಘವಾದ ಓಟದಲ್ಲಿ ತಾನು ಪಾಲುಗೊಳ್ಳುವನೆಂದೂ, ಆ ನಿಮಿತ್ತದಿಂದ ಪರಿಚಿತರಲ್ಲಿಯೂ ಅಪರಿಚಿತರಲ್ಲಿಯೂ ಹಣ ಕೂಡಿಸಿ ನಮ್ಮ ಸೀಮೆಯ ಹಳ್ಳಿಯ ಶಾಲೆಗಳಿಗೆ ಕುಡಿಯುವ ನೀರಿನ ಏರ್ಪಾಡು ಮಾಡಿಸುವನೆಂದೂ ಆ ವಿಜ್ಞಾಪನೆಯ ತಾತ್ಪರ್ಯ. ಒಂದು ತಾಸಿನಲ್ಲಿ ಮುಗಿಯುವ ಕೆಲಸವೆಂದು ತಿಳಿದು ಲೇಖನಿ ಹಿಡಿದೆವು. ಮೂರು ದಿನವಾದರೂ ಮುಗಿಯಲಿಲ್ಲ. ಕಾಗುಣಿತದ ತಪ್ಪುಗಳು ನಾಲ್ಕೈದಕ್ಕಿಂತ ಹೆಚ್ಚಿರಲಿಲ್ಲ. ದೋಷವು ಅಕ್ಷರದಲ್ಲಿರದೆ ರಸದಲ್ಲಿದ್ದಿತು. ಅದು ಎಂಥ ದೋಷವೆಂಬುದನ್ನು ಸಹೃದಯರ ಮುಂದಿಡುವುದೇ ಈ ಲೇಖನದ ಉದ್ದೇಶವು.

ದೇಣಿಗೆಯ ವಿಜ್ಞಾಪನೆಗೆ ಸಾಹಿತ್ಯ ಪತ್ರಿಕೆಯಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕನ್ನಡ ಗದ್ಯದ ಹುಟ್ಟನ್ನು ನೆನೆಯುವವರು ಹಾಗೆ ಕೇಳಲಾರರು. ನಮ್ಮ ನುಡಿಯ ಪ್ರಾಚೀನ ಬರಹಗಳಲ್ಲಿ ಬಹುಭಾಗವು ಕಲ್ಲಿನ ಮೇಲಿನ ದಾನಶಾಸನಗಳೇ ಆಗಿವೆ. ಹಲ್ಮಿಡಿಯ ಶಾಸನವೂ ದತ್ತಿಯ ಶಾಸನವೇ. ಅಂಥ ಶಾಸನಗಳ ರಚನಾಕ್ರಮವನ್ನು ನೋಡಿರಿ. ಮೊದಲಲ್ಲಿ ಅರಸನ ಪ್ರಶಸ್ತಿಯು ಎಷ್ಟೇ ಉದ್ದವಾಗಿರಲಿ, ಕೊಡುವ ಮಾತು ಬಂದೊಡನೆ ಕವಿಯು ಮೌನವಾಗಿ ಕರಣಿಕನು ಮಾತನಾಡತೊಡಗುವನು. ಯಾರಿಗೆ, ಎಷ್ಟು ಮತ್ತರು, ಯಾವ ಗಳೆಯ ಅಳತೆ, ಮೂಡಲ ಎಲ್ಲೆ ಯಾವ ಕಲ್ಲು, ಪಡುವಲ ಎಲ್ಲೆ ಯಾವ ಹಳ್ಳ, ಎಲ್ಲವೂ ಅಲ್ಲಿ ಖಚಿತವಾಗಿರುತ್ತದೆ. ದಾನಿಯ ಹೊಗಳಿಕೆಯಲ್ಲಿ ಅತಿಶಯೋಕ್ತಿ ಸಲ್ಲುವುದು. ದತ್ತಿಯ ಅಳತೆಯಲ್ಲಿ ಸಲ್ಲದು. ನಮ್ಮ ಶಿಷ್ಯನ ವಿಜ್ಞಾಪನೆಯಲ್ಲಿ ಈ ಕ್ರಮವು ತಿರುವುಮುರುವಾಗಿದ್ದಿತು. ಸಹಾರಾದ ಮರಳಿಗೆ ಅಳತೆಯಿದ್ದಿತು, ಬಿಸಿಲಿಗೆ ಅಳತೆಯಿದ್ದಿತು, ಬೆನ್ನಿನ ಗಂಟಿಗೆ ತೂಕವಿದ್ದಿತು. ಯಾವ ಶಾಲೆಗೆ ಎಷ್ಟು ನೀರು ಬರುವುದೆಂಬುದಕ್ಕೆ ಅಳತೆಯಿರಲಿಲ್ಲ. ಆ ಶಾಲೆಗಳ ಹೆಸರೂ ಇರಲಿಲ್ಲ.

ಈ ಓಟದ ಸಂಗತಿಯನ್ನು ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳುವೆವು. ಪ್ಯಾಟ್ರಿಕ್ ಬಾವರ್ ಎಂಬ ಫ್ರೆಂಚ್ ಗೃಹಸ್ಥನು 1984ರಲ್ಲಿ ತನ್ನ ಅನ್ನನೀರುಗಳನ್ನು ತಾನೇ ಹೊತ್ತು ಸಹಾರಾದಲ್ಲಿ ಸುಮಾರು 350 ಕಿಲೋಮೀಟರು ದಾರಿಯನ್ನು 12 ದಿನಗಳಲ್ಲಿ ಏಕಾಕಿಯಾಗಿ ನಡೆದನು. ಆ ಅನುಭವದಿಂದ 1986ರಲ್ಲಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದನು. ಮೊದಲನೆಯ ಸಲ ಬಂದವರು 23 ಜನ. ಈಗ ಅಲ್ಲಿಗೆ ಅನೇಕ ದೇಶಗಳಿಂದ ನೂರಾರು ಜನರು ಹೋಗುವರು. 'ಮಾರಥಾನ್ ದೆ ಸಾಬ್ಲ್', ಅಂದರೆ ಮರಳಿನ ಮಾರಥಾನ್, ಎಂದು ಅದರ ಹೆಸರು. ಸುಮಾರು 250 ಕಿಲೋಮೀಟರು ದಾರಿಯನ್ನು ಕೆಲವು ಘಟ್ಟಗಳಾಗಿ ಒಂದು ವಾರದೊಳಗೆ ಕ್ರಮಿಸಬೇಕು. ಆಹಾರವನ್ನೂ ಹಾಸಿಗೆಯನ್ನೂ ಬೆನ್ನಿನ ಮೇಲೆಯೇ ಹೊರಬೇಕು. ನೀರನ್ನು ಮಾತ್ರ ನಡೆಸುವವರು ಕೊಡುವರು. ಇದು ವಿನೋದದ ಮಾತಲ್ಲ. 1994ರಲ್ಲಿ ಮೌರೋ ಪ್ರೋಸ್ಪೆರಿ ಎಂಬ ಇಟಲಿಯ ಕ್ರೀಡಾಪಟು ಮರಳಿನ ಬಿರುಗಾಳಿಗೆ ಸಿಕ್ಕು ದಾರಿ ತಪ್ಪಿ, ಒಂಬತ್ತು ದಿನಗಳ ತರುವಾಯ ಅಲ್ಜೀರಿಯಾ ದೇಶದ ಗಡಿಯೊಳಗೆ ಜೀವಸಹಿತನಾಗಿ ಸಿಕ್ಕನು. 2021ರಲ್ಲಿ ಓಡುತ್ತಿದ್ದವನೊಬ್ಬನು ಹೃದಯಸ್ತಂಭನದಿಂದ ತೀರಿಕೊಂಡನು. ಇಂಥ ಕಷ್ಟಕ್ಕೆ ಒಡ್ಡಿಕೊಳ್ಳುವವರಲ್ಲಿ ಬಹುಜನರು ಯಾವುದಾದರೊಂದು ಧರ್ಮಕಾರ್ಯಕ್ಕೆ ಹಣ ಕೂಡಿಸುವ ಉದ್ದೇಶದಿಂದ ಹೋಗುವರು.

ಈ ಉದ್ಯಮದಲ್ಲಿರುವ ರಸವು ವೀರವೆಂಬುದರಲ್ಲಿ ಸಂದೇಹವಿಲ್ಲ. ಉತ್ಸಾಹವೇ ಅದರ ಸ್ಥಾಯಿ. ಆದರೆ ಯಾವ ವೀರ? ಭರತಮುನಿಯು ದಾನವೀರ, ಧರ್ಮವೀರ, ಯುದ್ಧವೀರವೆಂದು ಮೂರನ್ನು ಹೇಳಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ದಯಾವೀರವನ್ನು ಕೂಡಿಸಿ ನಾಲ್ಕು ಮಾಡಿದನು. ಜಗನ್ನಾಥಪಂಡಿತನು ಇಷ್ಟಕ್ಕೇ ಏಕೆ ನಿಲ್ಲಬೇಕೆಂದು ಕೇಳಿ, ಸತ್ಯವೀರ, ಪಾಂಡಿತ್ಯವೀರ, ಕ್ಷಮಾವೀರ, ಬಲವೀರಗಳನ್ನೂ ಎಣಿಸಬಹುದೆಂದು ತೋರಿಸಿದನು. ಈ ವಿಭಾಗವು ನಮ್ಮ ಪ್ರಕೃತ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ಮರಳಿನಲ್ಲಿ ಓಡುವವನು ಬಲವೀರನು. ಮನೆಯಲ್ಲಿ ಕುಳಿತು ಗಂಟು ಬಿಚ್ಚಿ ಕೊಡುವವನು ದಾನವೀರನು. ಪರರ ನೋವನ್ನು ತಾಳಲಾರದೆ ತನ್ನನ್ನೇ ಒಡ್ಡುವವನು ದಯಾವೀರನು. ವಿಜ್ಞಾಪನೆಯಲ್ಲಿ ಈ ಮೂವರೂ ಒಬ್ಬನೇ ಎಂಬಂತೆ ಬರೆದಿದ್ದಿತು. ಓಡಿದವನೇ ಕೊಟ್ಟವನೆಂದೂ, ದಣಿದವನೇ ದಯಾಳುವೆಂದೂ ಓದುಗನು ತಿಳಿಯಬೇಕಾಗಿದ್ದಿತು. ಅಂಗವಾಗಿರಬೇಕಾದ ಬಲವೀರವು ಅಂಗಿಯ ಪೀಠವನ್ನೇರಿತ್ತು. ಅಂಗಿಯಾಗಬೇಕಾದ ದಯೆಯು ಕೊನೆಯ ನಾಲ್ಕು ಸಾಲುಗಳಲ್ಲಿ ಬಾಗಿಲ ಬಳಿ ನಿಂತಿತ್ತು. ಇದೇ ನಾವು ಹೇಳಿದ ರಸದೋಷ.

ದಯಾವೀರದ ನಿಜವಾದ ಮಾದರಿ ಎಂಥದೆಂದು ನೋಡಬೇಕಾದರೆ ಭಾಗವತದ ರಂತಿದೇವನ ಕಥೆಯನ್ನು ನೆನೆಯಬೇಕು. ನಾಲ್ವತ್ತೆಂಟು ದಿನ ನೀರೂ ಇಲ್ಲದೆ ಉಪವಾಸವಿದ್ದ ಆ ಅರಸನು ದೊರೆತ ಅನ್ನವನ್ನೆಲ್ಲ ಬಂದ ಬಂದವರಿಗೆ ಕೊಟ್ಟು, ಉಳಿದ ಒಬ್ಬನಿಗಾಗುವಷ್ಟು ನೀರನ್ನು ಬಾಯಿಗೆ ಎತ್ತುವಾಗಲೇ ಬಾಯಾರಿದವನೊಬ್ಬನು ಬಂದು ಬೇಡಲು, ಆ ನೀರನ್ನೂ ಆತನಿಗೆ ಕೊಟ್ಟನು. ಇಲ್ಲಿ ರಂತಿದೇವನ ಬಾಯಾರಿಕೆಗೂ ಅತಿಥಿಯ ತೃಪ್ತಿಗೂ ನಡುವೆ ಬೇರೊಂದು ವಸ್ತುವಿಲ್ಲ. ಇವನು ಕುಡಿಯದ ನೀರೇ ಅವನು ಕುಡಿದ ನೀರು. ಶಿಬಿಯ ತಕ್ಕಡಿಯಲ್ಲಿಯೂ ಹಾಗೆಯೇ; ಒಂದು ತಟ್ಟೆಯಲ್ಲಿ ಪಾರಿವಾಳ, ಮತ್ತೊಂದರಲ್ಲಿ ಅರಸನ ಮಾಂಸ. ಸಹಾರಾದಲ್ಲಿ ಬಾಯಾರಿದವನ ನೀರು ತಾಂಬಾದ ಮಗುವಿಗೆ ಬರುವುದಿಲ್ಲ. ಆತನ ದಣಿವಿಗೂ ಈ ಮಗುವಿನ ಲೋಟಕ್ಕೂ ನೇರವಾದ ಕಾರ್ಯಕಾರಣ ಸಂಬಂಧವಿಲ್ಲ. ನೋಡುವವನ ಹೃದಯವೊಂದೇ ನಡುವಿನ ಸೇತುವೆ.

ಹಾಗಾದರೆ ಓಡದೆ ಆ ಹಣವನ್ನೇ ನೇರವಾಗಿ ಕೊಡಬಾರದೇ? ನಮ್ಮ ಊರ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇದೇ. ಪ್ರವೇಶದ ಶುಲ್ಕ, ವಿಮಾನದ ಖರ್ಚು, ಸಾಮಗ್ರಿ ಇವೆಲ್ಲ ಕೂಡಿದರೆ ಕೆಲವು ಲಕ್ಷ ರೂಪಾಯಿಗಳಾಗುವುವು. ಪ್ರಶ್ನೆಯು ನ್ಯಾಯವಾದುದು, ಆದರೆ ಅದರಿಂದ ವಿಚಾರ ಮುಗಿಯುವುದಿಲ್ಲ. ಒಬ್ಬನು ತನ್ನ ಲಕ್ಷವನ್ನು ಕೊಟ್ಟರೆ ಒಂದು ಲಕ್ಷವಾಯಿತು. ಅವನ ಓಟವನ್ನು ಕಂಡು ಮುನ್ನೂರು ಜನರು ಕೈಯೆತ್ತಿ ಕೊಟ್ಟರೆ ಆ ಲೆಕ್ಕವೇ ಬೇರೆ. ಮನುಷ್ಯನ ಮನಸ್ಸು ಅಂಕಿಸಂಖ್ಯೆಗಳಿಂದ ಕರಗುವುದಿಲ್ಲವೆಂಬುದು ಅನುಭವದ ಮಾತು. 2023ರಲ್ಲಿ ನಮ್ಮ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ಆ ಅಂಕಿಯನ್ನು ಓದಿ ಎಷ್ಟು ಜನರಿಗೆ ಕಣ್ಣು ತುಂಬಿತು? ಭಾವಕ್ಕೆ ವಿಭಾವ ಬೇಕು; ಆಲಂಬನವಿಲ್ಲದೆ ರಸವಿಲ್ಲ. ಓಡುವ ಒಂದು ದೇಹ, ಬಿರಿದ ಒಂದು ತುಟಿ ಕಣ್ಣಿಗೆ ಬಿದ್ದಾಗ ಮುಚ್ಚಿದ ಗಂಟು ಬಿಚ್ಚುವುದು. ಇದನ್ನು ಅಲಂಕಾರಶಾಸ್ತ್ರವೇ ನಮಗೆ ಕಲಿಸುವುದು.

ಆದುದರಿಂದ ಮರುಭೂಮಿಯ ಓಟಗಾರನನ್ನು ನಾವು ನಟನೆಂದು ತಿಳಿಯುವೆವು. ಇದು ನಿಂದೆಯಲ್ಲ. ನಮ್ಮ ಸೀಮೆಯ ಬಾಯಾರಿಕೆಯನ್ನು ಆತನು ಪರದೇಶದ ಮರಳಿನಲ್ಲಿ ಅಭಿನಯಿಸಿ ತೋರಿಸುವನು. ವಿಶೇಷವೇನೆಂದರೆ, ಆತನು ನಿಜವಾಗಿಯೂ ಬಾಯಾರಿದ ನಟನು. ರಸವು ಅನುಕಾರ್ಯನಾದ ರಾಮನಲ್ಲಿಯೋ, ಅನುಕರ್ತೃವಾದ ನಟನಲ್ಲಿಯೋ, ಸಹೃದಯನಲ್ಲಿಯೋ ಎಂದು ಭರತಸೂತ್ರದ ವ್ಯಾಖ್ಯಾತೃಗಳು ಬಹುಕಾಲ ಚರ್ಚಿಸಿದರು. ಅದೇನೇ ಇರಲಿ, ಆಟ ಮುಗಿದು ಮನೆಗೆ ಹೋಗುವ ಪ್ರೇಕ್ಷಕನು ರಾಮನನ್ನು ಮರೆತು ನಟನ ಕಿರೀಟವನ್ನೇ ವರ್ಣಿಸುತ್ತಿದ್ದರೆ ಆಟವು ಕೆಟ್ಟಿತೆಂದೇ ಅರ್ಥ. ನಮ್ಮ ಭಾಷೆಯಲ್ಲಿ 'ಪಾತ್ರ'ವೆಂಬ ಶಬ್ದವಿದೆ. ನಟನು ಧರಿಸುವುದೂ ಪಾತ್ರ. ದಾನಕ್ಕೆ ಯೋಗ್ಯನಾದವನೂ ಪಾತ್ರ. ನೀರು ತುಂಬುವ ಭಾಂಡವೂ ಪಾತ್ರ. ಈ ಮೂರು ಅರ್ಥಗಳು ಒಂದೆಡೆ ಸೇರುವಂತೆ ಬರೆದ ವಿಜ್ಞಾಪನೆಯು ಉತ್ತಮ. ಮೊದಲನೆಯದೇ ಉಳಿದು ಉಳಿದೆರಡು ಒಣಗಿದರೆ ಅಧಮ.

ಈ ಮಾತಿಗೆ ಲೋಕದಿಂದ ಎರಡು ನಿದರ್ಶನಗಳನ್ನು ಕೊಡುವೆವು. ರಾನಲ್ಫ್ ಫೈನ್ಸ್ ಎಂಬ ಪ್ರಸಿದ್ಧ ಆಂಗ್ಲ ಪರ್ಯಟಕನು 2015ರಲ್ಲಿ ತನ್ನ 71ನೆಯ ವಯಸ್ಸಿನಲ್ಲಿ ಈ ಸಹಾರಾದ ಓಟವನ್ನು ಮುಗಿಸಿದನು. 2003ರಲ್ಲಿ ಆತನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಗಿದ್ದಿತು. ಮರಣದ ಹೊಸ್ತಿಲಲ್ಲಿರುವ ರೋಗಿಗಳನ್ನು ಶುಶ್ರೂಷಿಸುವ ಮೇರಿ ಕ್ಯೂರಿ ಎಂಬ ಧರ್ಮಸಂಸ್ಥೆಗಾಗಿ ಆತನು ಓಡಿದನು. ಆತನ ಪತ್ನಿಯು 2004ರಲ್ಲಿ ಅರ್ಬುದರೋಗದಿಂದ ತೀರಿಕೊಂಡಿದ್ದಳು. ಈ ಒಂದು ಸಂಗತಿಯು ತಿಳಿದೊಡನೆ ಓಟದ ಅರ್ಥವೇ ಬೇರೆಯಾಗುವುದು. ಮರಳಿಗೂ ರೋಗಿಯ ಹಾಸಿಗೆಗೂ ನಡುವೆ ಒಂದು ದಾರಿ ಕಾಣುವುದು. ಎರಡನೆಯವನು ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ತರುಣನು. ಅದೇ ರೋಗದಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಆತನು 1980ರಲ್ಲಿ ಕೃತಕ ಕಾಲಿನಿಂದ 143 ದಿನ, 5,373 ಕಿಲೋಮೀಟರು ಓಡಿ, ರೋಗವು ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ನಿಂತನು. ಮರುವರ್ಷ ಜೂನ್ ತಿಂಗಳಿನಲ್ಲಿ ಅಸುನೀಗಿದನು. ತನ್ನ ದೇಶದ ಒಬ್ಬೊಬ್ಬನೂ ಒಂದೊಂದು ಡಾಲರು ಕೊಡಲೆಂಬುದು ಆತನ ಬೇಡಿಕೆಯಾಗಿದ್ದಿತು. ಆತನಲ್ಲಿ ನಟನೂ ಅನುಕಾರ್ಯನೂ ಒಬ್ಬನೇ ಆಗಿದ್ದನು. ಆದುದರಿಂದ ಅಲ್ಲಿ ರಸಭಂಗಕ್ಕೆ ಎಡೆಯೇ ಇರಲಿಲ್ಲ.

ನಮ್ಮ ದೇಶದಲ್ಲಿಯೂ ಕಾಲ್ನಡೆಯಿಂದ ದಾನ ಕೂಡಿಸಿದವರಿದ್ದಾರೆ. ಆಚಾರ್ಯ ವಿನೋಬಾ ಭಾವೆಯವರು 1951ರಲ್ಲಿ ಪೋಚಂಪಳ್ಳಿಯಲ್ಲಿ ಮೊದಲ ಭೂದಾನವನ್ನು ಪಡೆದು, ನಡೆಯುತ್ತ ನಡೆಯುತ್ತ 1957ರಲ್ಲಿ ನಮ್ಮ ಕರ್ನಾಟಕಕ್ಕೂ ಬಂದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಗ್ರಾಮದಾನ ಪರಿಷತ್ತು ಕೂಡಿತು. ಅವರ ದಾರಿಯಲ್ಲಿ ಕೊಡುವವರ ಮನೆಗಳಿದ್ದುವು, ಪಡೆಯುವವರ ಗುಡಿಸಲುಗಳಿದ್ದುವು. ನಡೆಯದೆ ಆ ಬಾಗಿಲುಗಳನ್ನು ತಲುಪುವಂತಿರಲಿಲ್ಲ. ಮರುಭೂಮಿಯ ಓಟದ ದಾರಿಯಲ್ಲಿ ದಾನಿಯ ಮನೆಯೂ ಇಲ್ಲ, ಪಾತ್ರನ ಮನೆಯೂ ಇಲ್ಲ. ನಮ್ಮ ಜಿಲ್ಲೆಯಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದುಹೋಗುವ ಸಾವಿರಾರು ಜನರನ್ನು ನೋಡಿರಿ. ಬಿಸಿಲು ಸಹಾರಾದ ತಂಗಿಯಂತಿರುತ್ತದೆ. ದಾರಿ ನೂರಾರು ಕಿಲೋಮೀಟರು. ಬರಿಗಾಲಿನವರುಂಟು, ಮರಗಾಲು ಕಟ್ಟಿಕೊಂಡು ಹೋಗುವವರೂ ಉಂಟು. ಇವರು ಯಾರಿಂದಲೂ ಹಣ ಕೂಡಿಸುವುದಿಲ್ಲ. ದಾನವು ದಾರಿಯ ಬದಿಯಲ್ಲಿಯೇ ನಡೆಯುವುದು: ಹಳ್ಳಿಯ ಜನರು ಅಂಬಲಿ, ಮಜ್ಜಿಗೆ, ರೊಟ್ಟಿ, ನೀರು ಹಿಡಿದು ನಿಂತು ನಡೆಯುವವರನ್ನು ಕೈಹಿಡಿದು ಕೂಡಿಸುವರು. ಕೊಟ್ಟವನ ಹೆಸರು ಯಾರಿಗೂ ತಿಳಿಯದು. ದಾಸೋಹವೆಂಬ ಶಬ್ದದ ಹುರುಳು ಇದೇ. ಬಸವಣ್ಣನವರ ಬಾಗೇವಾಡಿಯು ನಮ್ಮ ನೆರೆಯಲ್ಲಿರುವಾಗ ಈ ಮಾತನ್ನು ನಾವು ಪರದೇಶದವರಿಂದ ಕಲಿಯಬೇಕಾಗಿಲ್ಲ.

ಇಲ್ಲಿ ನಮ್ಮ ಸ್ವಂತ ಸಂಗತಿಯೊಂದನ್ನು ಹೇಳದೆ ಮುಂದುವರಿಯಲಾರೆವು. 1972ರ ಬರದಲ್ಲಿ ನಮಗೆ ಹತ್ತು ಹನ್ನೊಂದು ವರ್ಷ. ಮನೆಯ ಬಾವಿ ಬತ್ತಿತ್ತು. ನಮ್ಮ ತಾಯಿಯವರು ಎರಡು ಮೈಲಿಯಾಚೆಯ ಹೊಲದ ಬಾವಿಯಿಂದ ನೀರು ತರುತ್ತಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೋಗಿಬರುವ ದಾರಿ ಕೂಡಿ ದಿನಕ್ಕೆ ಎಂಟು ಮೈಲಿ. ಅದರಲ್ಲಿ ಅರ್ಧ ದಾರಿ ತಲೆಯ ಮೇಲೆ ಕೊಡ. ಸಣ್ಣ ತಂಬಿಗೆ ಹಿಡಿದು ನಾವೂ ಹಿಂದೆ ಹೋಗುತ್ತಿದ್ದೆವು. ಶಿಷ್ಯನ ಬರಹವನ್ನು ತಿದ್ದುವಾಗ ಎರಡನೆಯ ದಿನ ರಾತ್ರಿ ನಾವು ಒಂದು ಲೆಕ್ಕ ಮಾಡಿದೆವು. ದಿನಕ್ಕೆ ಎಂಟು ಮೈಲಿಯಂತೆ ಇಪ್ಪತ್ತು ದಿನಕ್ಕೆ 160 ಮೈಲಿ, ಎಂದರೆ ಸಹಾರಾದ ಪೂರ್ತಿ ಓಟಕ್ಕಿಂತ ತುಸು ಹೆಚ್ಚು. ಆ ಬೇಸಿಗೆಯಲ್ಲಿ ಅವರು ಅಂಥ ಎಷ್ಟು ಓಟಗಳನ್ನು ಮುಗಿಸಿದರೋ! ಮೈಲಿಗೆ ಇಷ್ಟೆಂದು ಹಣ ಕೊಡುವವರು ಆಗ ಯಾರೂ ಇರಲಿಲ್ಲ. ಕೊನೆಯ ಗೆರೆಯಲ್ಲಿ ಪದಕ ತೊಡಿಸುವವರೂ ಇರಲಿಲ್ಲ. ಅವರ ನಡಿಗೆಯನ್ನು ಎಣಿಸಲು ನಮಗೆ ಐವತ್ತು ವರ್ಷ ಬೇಕಾಯಿತು. ಎಣಿಸುವಂತೆ ಮಾಡಿದ್ದು ಸಹಾರಾದ ಓಟವೇ ಎಂಬುದನ್ನೂ ಒಪ್ಪಿಕೊಳ್ಳಬೇಕು. ಪರದೇಶದ ನಟನು ನಮ್ಮ ಮನೆಯ ಕಥೆಯನ್ನು ನಮಗೇ ಕಾಣಿಸಿದನು. ಆ ರಾತ್ರಿಯ ತರುವಾಯ ಈ ಉದ್ಯಮವನ್ನು ತಿರಸ್ಕರಿಸುವ ಅಧಿಕಾರವು ನಮಗೆ ಉಳಿಯಲಿಲ್ಲ.

ಗ್ರೀಸ್ ದೇಶದ ಅಥೆನ್ಸಿನಲ್ಲಿ 1896ರಲ್ಲಿ ನಡೆದ ಮೊದಲ ಒಲಿಂಪಿಕ್ ಮಾರಥಾನಿನಲ್ಲಿ ಗೆದ್ದವನು ಸ್ಪಿರಿಡಾನ್ ಲೂಯಿಸ್. ಆತನ ವೃತ್ತಿ ಏನಾಗಿದ್ದಿತೆಂದು ಬಲ್ಲಿರಾ? ನೀರು ಹೊರುವುದು. ತನ್ನ ಊರಿನಿಂದ ಪಟ್ಟಣಕ್ಕೆ ನೀರು ಸಾಗಿಸಿ ಆತನು ಜೀವಿಸುತ್ತಿದ್ದನು. ಈ ದೀರ್ಘ ಓಟದ ಮೂಲಪುರುಷರಲ್ಲಿ ಒಬ್ಬನು ಸ್ಪರ್ಧೆಗೆ ಬರುವ ಮೊದಲೇ ನೀರಿಗಾಗಿ ನಡೆದವನೆಂಬುದನ್ನು ನಮ್ಮ ಶಿಷ್ಯನು ಮರೆಯಬಾರದು.

ಇನ್ನು ತಿದ್ದಿದ ಬಗೆಯನ್ನು ಹೇಳಿ ಮುಗಿಸುವೆವು. ಮೊದಲನೆಯದಾಗಿ, ಮರುಭೂಮಿಯ ವರ್ಣನೆಗೆ ಮೀಸಲಾಗಿದ್ದ ಒಂದೂವರೆ ಪುಟವನ್ನು ಆರು ಸಾಲಿಗೆ ಇಳಿಸಿದೆವು. 'ಭೀಕರ', 'ರೋಮಾಂಚಕ', 'ಅಸಾಧ್ಯ' ಎಂಬ ವಿಶೇಷಣಗಳನ್ನು ಹೊಡೆದುಹಾಕಿದೆವು. 250 ಕಿಲೋಮೀಟರು ಎಂಬ ಅಂಕಿಯು ತಾನೇ ಸಾಕಷ್ಟು ಭೀಕರವಾಗಿದೆ. ಎರಡನೆಯದಾಗಿ, ಕೊನೆಯಲ್ಲಿದ್ದ ಶಾಲೆಗಳನ್ನು ಮೊದಲಿಗೆ ತಂದು, ಒಂದೊಂದರಲ್ಲಿ ಎಷ್ಟು ಮಕ್ಕಳು, ನೀರು ಈಗ ಎಲ್ಲಿಂದ ಬರುವುದು, ಟ್ಯಾಂಕರು ವಾರಕ್ಕೆ ಎಷ್ಟು ದಿನ ಬರುವುದು, ಏನನ್ನು ಕಟ್ಟಿಸುವುದು, ಕಟ್ಟಿಸಿದ ಮೇಲೆ ಕಾಯುವವರು ಯಾರು ಎಂಬುದನ್ನು ಶಾಸನದ ಕರಣಿಕನಂತೆ ಬರೆಯಬೇಕೆಂದು ತೆರವು ಬಿಟ್ಟೆವು. ಅದನ್ನು ತುಂಬಲು ಆತನು ಸ್ವತಃ ಆ ಶಾಲೆಗಳಿಗೆ ಬಂದು ನೋಡಬೇಕಾಗುವುದು; ಆ ಪ್ರಯಾಣವೂ ಓಟದ ಅಭ್ಯಾಸವೆಂದೇ ತಿಳಿಯಲಿ. ಮೂರನೆಯದಾಗಿ, ಶುಲ್ಕವನ್ನೂ ಪ್ರಯಾಣದ ಖರ್ಚನ್ನೂ ತನ್ನ ಸಂಬಳದಿಂದಲೇ ಕೊಡುವೆನೆಂದೂ, ಕೂಡಿದ ಹಣದಲ್ಲಿ ಒಂದು ಕಾಸೂ ಮರಳಿಗೆ ಹೋಗದೆಂದೂ ಸ್ಪಷ್ಟವಾಗಿ ಬರೆಯಲು ಹೇಳಿದೆವು. ಗಂಡನು ಆಯ್ದು ತಂದ ಅಕ್ಕಿಯಲ್ಲಿ ಅಂದಿಗೆ ಬೇಕಾದುದಕ್ಕಿಂತ ಹೆಚ್ಚಿದ್ದುದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ನಾಡಿನಲ್ಲಿ ಲೆಕ್ಕವು ಹೀಗೆಯೇ ಇರತಕ್ಕದ್ದು. ನಾಲ್ಕನೆಯದಾಗಿ, ಓಟ ಮುಗಿದ ಒಂದು ವರ್ಷದ ತರುವಾಯ ಕೊಟ್ಟವರೆಲ್ಲರಿಗೂ ಇನ್ನೊಂದು ಪತ್ರ ಬರೆಯುವೆನೆಂಬ ವಾಗ್ದಾನವನ್ನು ಸೇರಿಸಿದೆವು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ಕಾಶಿಗೆ ನಡೆಯುವಾಗ ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲು ನಕ್ಷತ್ರಿಕನು ಬೆನ್ನು ಹತ್ತಿರುವನು. ಓದುವಾಗ ಆತನ ಮೇಲೆ ನಮಗೆ ಸಿಟ್ಟು ಬರುವುದು ಸಹಜ. ಆದರೆ ಆ ದಾರಿಯ ಕಷ್ಟವು ಬರಿಯ ಕಷ್ಟವಾಗದೆ ಋಣದ ಕಷ್ಟವಾಗಿಯೇ ಉಳಿಯುವಂತೆ ಮಾಡುವವನು ಆ ನಕ್ಷತ್ರಿಕನೇ. ದಾನ ಬೇಡುವ ಪ್ರತಿಯೊಬ್ಬನ ಬೆನ್ನಿಗೂ ಅಂಥವನೊಬ್ಬನು ಇರಬೇಕು. ಹೊರಗೆ ಇಲ್ಲದಿದ್ದರೆ ಪತ್ರದೊಳಗಾದರೂ ಇರಬೇಕು.

ತಿದ್ದಿದ ಪ್ರತಿಯು ಕೈಸೇರಿದ ಮೇಲೆ ಶಿಷ್ಯನು ದೂರವಾಣಿಯಲ್ಲಿ ಮಾತನಾಡಿ, "ಗುರುಗಳೇ, ಇದರಲ್ಲಿ ನಾನು ಎಲ್ಲಿ ಹೋದೆ?" ಎಂದು ಕೇಳಿದನು. ಆತನ ದನಿಯಲ್ಲಿ ಸ್ವಲ್ಪ ನೋವಿದ್ದಿತು. "ಕೊನೆಯಲ್ಲಿರುವಿ, ರುಜುವಿನ ಸ್ಥಾನದಲ್ಲಿ. ಶಾಸನದಲ್ಲಿಯೂ ಕೆತ್ತಿದವನ ಹೆಸರು ಕೊನೆಗೇ ಬರುವುದು" ಎಂದೆವು. ಆತನು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಅಮಾವಾಸ್ಯೆಗೆ ಊರಿಗೆ ಬಂದು ಶಾಲೆಗಳನ್ನು ನೋಡುವೆನೆಂದು ಹೇಳಿದನು. ಬಂದನು, ಎರಡು ದಿನ ಬಿಸಿಲಿನಲ್ಲಿ ತಿರುಗಿದನು. ಬಿಟ್ಟಿದ್ದ ತೆರವುಗಳಲ್ಲಿ ಈಗ ಹೆಸರುಗಳೂ ಅಂಕಿಗಳೂ ತುಂಬಿವೆ.

ಆತನು ಓಡಲಿ. ಕ್ಷೇಮವಾಗಿ ಹಿಂದಿರುಗಲಿ. ಮರಳಿನ ಮೇಲಿನ ಆತನ ಹೆಜ್ಜೆಯನ್ನು ಗಾಳಿಯು ಅಂದೇ ಅಳಿಸುವುದು. ಶಾಲೆಯ ನಲ್ಲಿಯಲ್ಲಿ ನೀರು ಬಂದರೆ ಆ ಹೆಜ್ಜೆ ಅಲ್ಲಿ ಉಳಿಯುವುದು. ಅನುಭವಸ್ಥರೂ ಶಾಸ್ತ್ರಜ್ಞರೂ ಆದ ವಾಚಕರು ಈ ವಿಚಾರದಲ್ಲಿ ನಮ್ಮ ತಪ್ಪುಗಳಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುವೆವು. ತಿದ್ದಿಸಿಕೊಳ್ಳುವುದು ನೋವಿನ ಕೆಲಸವೆಂಬುದನ್ನು ನಾವೂ ಬಲ್ಲೆವು.